ಕೈ ಎತ್ತಿದವರು ಹೊರಗೆ

ಜೂನ್ ೧೨, ಸೋಮವಾರ

ಇವತ್ತೂ ಸೋಪು ಹಾಕಿ ತಿಕ್ಕಿ ತಿಕ್ಕಿ ಕೈ ತೊಳೆದೆ. ವಾಸನೆ ಹೋಗಲಿಲ್ಲ. ಹಾಸ್ಟೆಲಿಗೆ ಬಂದು ವಾರವಾಯಿತು, ಚಿಕ್ಕಪ್ಪನ ಕೋಳಿ ಅಂಗಡಿ ಇನ್ನೂ ಉಗುರಿನಲ್ಲೇ ಕೂತಿದೆ. ಪಕ್ಕದ ಮಂಚದವಳು ಮೂಗು ಮುಚ್ಚಿಕೊಂಡಳು. “ಇವ್ಳು ಕೋಳಿ ಕೊಯ್ಯೋಳಂತೆ ಕಣ್ರೇ!” ಕೊಟ್ಟೆ ಒಂದು. ಮುಂದಿನ ಹಲ್ಲು ಉದುರಿತು. ಪಾಪ ಅನ್ನಿಸಿತೇ? ಇಲ್ಲ. ಖುಷಿಯಾಯಿತು.

ಹೆಡ್ ಮೇಡಂ ಕೂಗಾಡಲಿಲ್ಲ. ನೆಲದ ರಕ್ತ ನನ್ನ ಕೈಯಲ್ಲೇ ಒರೆಸಿಸಿದರು. ಆಮೇಲೆ ಹೇಳಿದರು — “ಇಲ್ಲಿ ಫೀಸಿಲ್ಲ. ಊಟಕ್ಕೂ ಪುಸ್ತಕಕ್ಕೂ ಕಾಸು ಕೊಡೋ ಹಾಗಿಲ್ಲ. ಇರೋದು ಒಂದೇ ರೂಲು. ಕೈ ಎತ್ತಿದವ್ರು ಹೊರಗೆ. ನಾನಾದ್ರೂ ಅಷ್ಟೇ. ನಿನ್ನ ಇದೊಂದ್ಸಲ ಬಿಟ್ಟಿದೀನಿ.”

ಹೊರಗೆ ಅಂದರೆ ಚಿಕ್ಕಪ್ಪ. ಅಂಗಡಿ. ಬೆಲ್ಟು. ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಸತ್ತರೂ ವಾಪಸ್ ಹೋಗುವುದಿಲ್ಲ.

ಜೂನ್ ೧೫, ಗುರುವಾರ

ಹಲ್ಲು ಹೋದವಳು ಮಾತಾಡಿದರೆ ಈಗ ಶಿಳ್ಳೆ ಬರುತ್ತದೆ. ಎಲ್ಲರೂ ‘ಸೀಟಿ’ ಅನ್ನುತ್ತಾರೆ. ಅವಳಾಗಿಯೇ ಬಂದು ಪಕ್ಕ ಕೂತಳು. “ಏಯ್, ಭಿನ್ನರಾಶಿ ಹೇಳ್ಕೊಡ್ತೀಯಾ? ಮತ್ತೆ ಹೊಡೀಬೇಡ ಮಾರಾಯ್ತಿ.” ಕೋಳಿಯನ್ನು ಪಾಲು ಮಾಡುವ ಹಾಗೆ ಹೇಳಿಕೊಟ್ಟೆ. “ಥೂ, ಹೊಲಸು” ಅಂದಳು. ಲೆಕ್ಕ ಮಾತ್ರ ಸರಿಬಂತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಜುಲೈ ೮, ಶನಿವಾರ, ಸಂಜೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಹಾಳಾಗಿ ಹೋಗಲಿ.

ಚಿಕ್ಕಪ್ಪ ಗೇಟಿಗೆ ಬಂದ. ಕುಡಿದಿದ್ದ. “ಬಿಟ್ಟಿ ಕೂಳು ತಿಂದು ಕೊಬ್ಬಿದ್ಯೇನೇ? ಅಂಗಡೀಲಿ ಕೊಯ್ಯೋಕೆ ನಿಮ್ಮಪ್ಪ ಎದ್ದು ಬರ್ತಾನಾ?” ಜಡೆ ಹಿಡಿದು ಎಳೆದ. ಹಣೆ ಗೇಟಿಗೆ ಬಡಿಯಿತು. ಬೆಲ್ಟು ಬಿಚ್ಚಿದ. ಬೆನ್ನಿಗೆ, ಕುತ್ತಿಗೆಗೆ, ಕಿವಿಗೆ... ಅವನ ಗಂಟಲು ನನ್ನ ಮೊಣಕೈ ಹತ್ತಿರವೇ ಇತ್ತು. ಎಲ್ಲಿ ಗುದ್ದಿದರೆ ಬೀಳುತ್ತಾನೆಂದು ನನಗೆ ಗೊತ್ತು. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತೆ. ಎತ್ತಲಿಲ್ಲ. ಬಿದ್ದೆ. ಬೀಳುವಾಗ ಆಚೆ ಚಾಚಿದ ಬಲಗೈಯನ್ನು ಬೂಟುಗಾಲಲ್ಲಿ ತುಳಿದ. ಬೆರಳು ಮುರಿದದ್ದು ಕೇಳಿಸಿತು. ಆಗಲೂ ಎತ್ತಲಿಲ್ಲ.

ಮೇಡಂ ಓಡಿ ಬಂದರು. “ಬಿಡ್ರೀ ಅವಳ್ನ!” ಬಿಡಲಿಲ್ಲ. ಕಾವಲಿನವನ ದೊಣ್ಣೆ ಕಿತ್ತುಕೊಂಡರು. ಮೊದಲ ಏಟಿಗೇ ಅವನ ಮೂಗು ಒಡೆಯಿತು. ಮೇಡಂ ನಿಲ್ಲಿಸಲೇ ಇಲ್ಲ. ಅವನು ಕುಸಿದ ಮೇಲೂ ಬಾರಿಸಿದರು. ಕೊನೆಗೆ ನಾನೇ ಕಿರುಚಿದೆ — “ಸಾಕು ಮೇಡಂ, ಸತ್ತೋಗ್ತಾನೆ!” ದೊಣ್ಣೆ ಕೈಬಿಟ್ಟರು.

ಚಿಕ್ಕಪ್ಪ ರಕ್ತ ಉಗುಳಿ ಎದ್ದ. “ಈ ಮುದುಕಿ ನಿನ್ನ ಎಷ್ಟು ದಿನ ಕಾಯ್ತಾಳೋ ನೋಡೇಬಿಡ್ತೀನಿ.”

ಜುಲೈ ೯, ಭಾನುವಾರ, ಬೆಳಗ್ಗೆ

ಮೇಡಂ ಪೆಟ್ಟಿಗೆ ಕಟ್ಟಿದ್ದಾರೆ. “ರೂಲು ಎಲ್ರಿಗೂ ಒಂದೇ ಕಣೇ.” ಕಾಲು ಹಿಡಿದೆ. ಬಯ್ದೆ. “ಹೋಗಿ, ಆಮೇಲೆ ನನ್ನ ಹೆಣ ನೋಡೋಕೆ ಬನ್ನಿ” ಅಂದೆ. ಅತ್ತರು. ಪೆಟ್ಟಿಗೆ ಬಿಡಲಿಲ್ಲ. ಅಯ್ಯೋ, ಇವರಿಗೆ ಹೇಗೆ ಹೇಳಲಿ... ರೂಲೂ ಬೇಕು ನನಗೆ, ಇವರೂ ಬೇಕು.

ಗೇಟಿಗೆ ಅಡ್ಡ ಮಲಗಿದ್ದೇವೆ. ಇಡೀ ಹಾಸ್ಟೆಲು. ಸೀಟಿ ನನ್ನ ಮುರಿದ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಾಳೆ. ಯಾರೂ ಹೊಡೆಯುವುದಿಲ್ಲ, ಯಾರೂ ಏಳುವುದೂ ಇಲ್ಲ. ಹೋಗಬೇಕೆಂದರೆ ನಮ್ಮನ್ನು ತುಳಿದೇ ಹೋಗಬೇಕು.

ಬಂದರು. ಪೆಟ್ಟಿಗೆ ಕೈಯಲ್ಲೇ ಇದೆ. ನಿಂತಿದ್ದಾರೆ. ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದಾರೆ. ತುಳಿದು ಹೋಗುವುದಕ್ಕೋ, ನಮ್ಮ ಪಕ್ಕ ಮಲಗುವುದಕ್ಕೋ—