ಬ್ರೆಡ್ಡಿನ ಮೇಲಿನ ಅಡ್ಡಗೆರೆ

ಸೋಮವಾರ, ಮಧ್ಯಾಹ್ನ

ಬೇಕರಿ ಮಾಲೀಕನೂ ನನ್ನ ಭಾವಮೈದುನನೂ ಆದವನಿಗೆ,

ಆಶೀರ್ವಾದ ಅಂತ ಬರೆಯುವ ಮನಸ್ಸಿಲ್ಲ, ಬಿಟ್ಟಿದ್ದೇನೆ.

ಬ್ರೆಡ್ಡಿನಲ್ಲಿ ಗಾಜಿನ ಚೂರು ಸಿಕ್ಕಿತು, ಒಪ್ಪಿದೆ. ಗಿರಾಕಿ ಅದನ್ನು ತಂದು ಕುಕ್ಕಿದ್ದು ನಾನು ಕೂರುವ ಕೌಂಟರಿನ ಮೇಲೇ. ನೀನು ಮಾಡಿದ್ದೇನು? ಭಟ್ಟಿ ಕೋಣೆಗೆ ನುಗ್ಗಿ, ಸೇತುವೆ ಆಚೆಯವರೆಲ್ಲ ಹೊರಗೆ ನಡೀರಿ ಅಂತ ಕೂಗಿದೆ. ಅಲ್ಲಿಂದ ಕೆಲಸಕ್ಕೆ ಬರುವ ಗುಬ್ಬಿ ಹಿಟ್ಟಿನ ಕೈಯಲ್ಲೇ ನಿಂತು, ಅಣ್ಣಾ, ಬ್ರೆಡ್ಡಿನ ಮೇಲೆ ಯಾರ ಗೆರೆ ಇದೆ ಅಂತಾದ್ರೂ ನೋಡಿ ಅಂದಳು. ನೋಡೋದೇನು, ನೀವೆಲ್ಲ ಒಂದೇ ಹಿಟ್ಟಿನವರು ಅಂತ ಗದರಿದೆ. ಭೇಷ್!

ಗೆರೆಯ ನಿಯಮ ತಂದವನು ಯಾರಪ್ಪ? ನೀನೇ. ಭಟ್ಟಿಗೆ ಇಡುವ ಮೊದಲು ಅವರವರ ಹಿಟ್ಟಿನ ಮೇಲೆ ಅವರವರು ಬ್ಲೇಡಿನಿಂದ ತಮ್ಮ ಗುರುತಿನ ಗೆರೆ ಎಳೆಯಬೇಕು. ಬ್ರೆಡ್ ಕರಕಲಾದರೆ ಯಾರನ್ನು ಬೈಯಬೇಕು ಅಂತ ಗೊತ್ತಾಗಬೇಕಲ್ಲ! ಬೈಯಲು ಒಬ್ಬೊಬ್ಬರು ಬೇಕು, ಓಡಿಸಲು ಒಟ್ಟಿಗೆ. ಕಾಲೇಜಿನಲ್ಲಿ ನಮ್ಮ ಲಾಜಿಕ್ ಮೇಷ್ಟ್ರು ಹೇಳುತ್ತಿದ್ದರು, ‘ಸಮ್’ ಅನ್ನುವುದನ್ನು ‘ಆಲ್’ ಮಾಡಿದರೆ ಅದು ಫ್ಯಾಲಸಿ ಆಫ್... ಮುಂದಿನದು ಮರೆತೆ, ಹಾಳಾಗಲಿ. ಎಲ್ಲಿದ್ದೆ? ಹಾಂ, ಗೆರೆ.

ಆ ಬ್ರೆಡ್ ನನ್ನ ಬಳಿ ಇದೆ. ಅದರ ಮೇಲಿರುವುದು ಗುಬ್ಬಿಯ ಜೋಡಿಗೆರೆಯಲ್ಲ, ಸೇತುವೆ ಆಚೆಯ ಯಾರದ್ದೂ ಅಲ್ಲ. ಅಡ್ಡಗೆರೆ. ಕೆಲಸ ಕಲಿಯಲಿ ಅಂತ ನೀನು ಭಟ್ಟಿಗೆ ಬಿಟ್ಟ ನಿನ್ನ ಸುಪುತ್ರನದು. ಮೈ ಉರಿಯಿತೇ? ಉರಿಯಲಿ. ಹಾಗಂತ ಗಾಜು ಹಾಕಿದವನು ಅವನೇ ಅಂತ ನಾನು ಹೇಳುವುದಿಲ್ಲ. ಮೈದಾ ಚೀಲದಲ್ಲೇ ಇತ್ತೋ ಏನೋ. ಅವನನ್ನು ಕೂರಿಸಿಕೊಂಡು ಕೇಳು. ವಿಚಾರಣೆ ಅಂದರೆ ಅದು ಕಣಯ್ಯ.

ಗುಬ್ಬಿಗೆ ಈಗ ಯಾವ ಬೇಕರಿಯವನೂ ಕೆಲಸ ಕೊಡುತ್ತಿಲ್ಲ. ಸೇತುವೆ ಆಚೆಯವರನ್ನು ಸೇರಿಸಬೇಡಿ, ಗಾಜು ಹಾಕ್ತಾರೆ ಅಂತ ಎಲ್ಲರಿಗೂ ಫೋನ್ ಮಾಡಿದವನು ನೀನು. ನಾಳೆ ಬೆಳಿಗ್ಗೆ ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಬರುತ್ತಾನೆ. ಅಷ್ಟರೊಳಗೆ ಅವರನ್ನೆಲ್ಲ ವಾಪಸ್ ಕರೆ. ಇಲ್ಲದಿದ್ದರೆ ಬ್ರೆಡ್ಡನ್ನು ಅವನ ಕೈಗೆ ಕೊಡುವವನು ನಾನು. ಕೌಂಟರಿನ ಬೀಗದ ಕೈ ಈ ಕವರಿನಲ್ಲೇ ಇದೆ. ದಟ್ಸ್ ಆಲ್. ಯುವರ್ಸ್ ಒಬೀಡಿಯೆಂಟ್ಲಿ ಅಂತೂ ಅಲ್ಲ.

ನಿಮ್ಮ ಮನೆತನವೇ ಅಷ್ಟು. ಒಬ್ಬರಿಗೂ ನಿಯತ್ತಿಲ್ಲ.

ಇನ್ನು ನಿನ್ನ ಅಂಗಡಿಯ ಮೆಟ್ಟಿಲು ಹತ್ತದ
ನಿನ್ನ ಭಾವ

ಮತ್ತೆ ನೆನಪಾದದ್ದು: ಸಹಿಯ ಮೇಲೆ ನಿಮ್ಮ ಮನೆತನದ ಬಗ್ಗೆ ಬರೆದದ್ದನ್ನು ಹೊಡೆದುಹಾಕಿಕೊಂಡು ಓದು, ಹೊಸ ಹಾಳೆಯಲ್ಲಿ ಬರೆಯುವ ತಾಳ್ಮೆ ನನಗಿಲ್ಲ. ತೀರಿಹೋದ ನಿನ್ನ ಅಕ್ಕನೂ ಅದೇ ಮನೆತನದವಳು. ನನ್ನ ಜೊತೆ ಬಾಳಿದಷ್ಟು ಕಾಲ ಅವಳ ಬಾಯಲ್ಲಿ ಒಂದು ಸುಳ್ಳೂ ಬರಲಿಲ್ಲ. ನಿಯತ್ತಿಲ್ಲದವನು ನೀನೊಬ್ಬನೇ.