ತಲೆ ತಾಗ್ತದೇನ್ರಿ ಎಂದು ಕೇಳಿದ್ದೆಯಲ್ಲ

ಪ್ರೀತಿಯ ಕಾಕಾ,

ಇವತ್ತು ಚಿತ್ತಾಪುರದಿಂದ ಬರುವಾಗ ನಮ್ಮೂರ ರೈಲ್ವೆ ಅಂಡರ್‌ಪಾಸಿನಲ್ಲಿ ಸ್ಕೂಟಿ ನಿಲ್ಲಿಸಿ ತಲೆಯೆತ್ತಿ ನೋಡಿದೆ. ಹಿಂದಿದ್ದ ಟಂಟಂ ಆಟೋದವನು ಬೈದ. ಬೈಯಲಿ ಬಿಡು. ನೀನು ಕೇಳಿದ್ದಕ್ಕೇ ಇದು ಇಷ್ಟು ಎತ್ತರವಾಯಿತೇ, ಇಲ್ಲಾ ಕೇಳದಿದ್ದರೂ ಆಗುತ್ತಿತ್ತೇ? ನೀನು ಹೋದಾಗಿನಿಂದ ಇದೊಂದು ಪ್ರಶ್ನೆ ತಲೆ ಕೊರೆಯುತ್ತಿದೆ.

ಗೇಟು ಮುಚ್ಚಿ ಹಳಿಯ ಕೆಳಗೆ ದಾರಿ ಮಾಡುತ್ತೇವೆಂದು ರೈಲ್ವೆಯವರು ಸಾಲಿ ಅಂಗಳದಲ್ಲಿ ಸಭೆ ಕರೆದ ದಿನ, ನೀನು ಇಸ್ತ್ರಿ ಮಾಡಿದ ಧೋತರ ಉಟ್ಟು ಹೊರಟಿದ್ದೆ. ಎಲ್ಲ ಮೊದಲೇ ಠರಾವಾಗಿರುತ್ತದೆ, ಜನರನ್ನು ಕರೆಯುವುದು ಬರೀ ಫೋಟೋಕ್ಕೆ ಎಂದು ನಾನು ಕಾಡಿಸಿದೆ. ಫೋಟೋದಾಗಾದರೂ ಚಂದ ಕಾಣಬೇಕಲ್ಲ ಎಂದು ನೀನು ನಕ್ಕು ಚಪ್ಪಲಿ ಮೆಟ್ಟಿದೆ. ಏನಾಗುತ್ತದೋ ನೋಡೋಣವೆಂದು ನಾನೂ ಬೆನ್ನು ಹತ್ತಿದೆ.

ಅಲ್ಲಿ ಎಲ್ಲರೂ ಬಸ್ಸು, ತೊಗರಿ ತುಂಬಿದ ಟ್ರ್ಯಾಕ್ಟರು, ಮಳೆನೀರು ಎಂದು ಕೇಳಿದರು. ನೀನು ಎದ್ದು ಸತ್ತವರ ಮಾತು ತೆಗೆದೆ. "ಸಾಹೇಬ್ರ, ನಮ್ಮ ಲಿಂಗಾಯತ್ರಾಗ ಸತ್ತವ್ರಿಗಿ ಮಲಗಿಸಿ ಒಯ್ಯಂಗಿಲ್ರಿ, ಕುಂದ್ರಿಸಿ ಹೆಗಲ ಮ್ಯಾಲ ಒಯ್ತೀವಿ. ರುದ್ರಭೂಮಿ ಹಳಿ ಆ ಕಡಿ ಅದ. ತಲಿ ತಾಗ್ತದೇನ್ರಿ?" ಜನ ಗೊಳ್ಳೆಂದು ನಕ್ಕರು. ನನಗೆ ಭೂಮಿಗಿಳಿದು ಹೋದಂತಾಯಿತು. ಸಾಹೇಬರು ನೋಡೋಣ ಎಂದರು, ಅಷ್ಟೇ.

ಮನೆಗೆ ಬರುವ ದಾರಿಯಲ್ಲಿ, ಅವರು ಪೆನ್ನಿನ ಕ್ಯಾಪೂ ತೆಗೆಯಲಿಲ್ಲ ಕಾಕಾ ಎಂದಿದ್ದೆ. "ಪೆನ್ನಿಗಿ ಕ್ಯಾಪ್ ಇರ್ತದವ್ವಾ, ಕಿವಿಗಿ ಇರಂಗಿಲ್ಲ" ಎಂದು ನೀನು ಮುಂದೆ ನಡೆದೆ. ಆಗ ಆ ಮಾತನ್ನು ನಂಬಿರಲಿಲ್ಲ. ಈಗ ನಂಬುತ್ತೇನೆಯೇ? ಅದೇ ತಿಳಿಯುತ್ತಿಲ್ಲ.

ಹೋದ ವಾರ ಅಂಡರ್‌ಪಾಸ್ ನೋಡಲು ಒಬ್ಬ ಇಂಜಿನಿಯರ್ ಬಂದಿದ್ದ. ತಡೆದು ಕೇಳಿಯೇಬಿಟ್ಟೆ, ಇದರ ಎತ್ತರ ಹೇಗೆ ಗೊತ್ತು ಮಾಡಿದಿರಿ ಎಂದು. ಎಲ್ಲಾ ಕಡೆ ಹೀಗೇ ಇರುತ್ತದೆ ಎಂದ. ಆಮೇಲೆ ತಲೆ ಕೆರೆದುಕೊಂಡು, ಮೊದಲು ಇದಕ್ಕಿಂತ ಕಡಿಮೆ ಎತ್ತರ ಇಡುವುದಿತ್ತು, ನಡುವೆ ಮೇಲಿನವರು ಬದಲಿಸಿದರು, ಯಾಕೆಂದು ತನಗೂ ಗೊತ್ತಿಲ್ಲ ಎಂದ. ಟ್ರ್ಯಾಕ್ಟರಿನವರ ಮಾತಿಗೋ, ಯಾರೋ ದೊಡ್ಡವರ ಫೋನಿಗೋ, ನಿನ್ನ ಪ್ರಶ್ನೆಗೋ? ನೀನಿದ್ದಿದ್ದರೆ...

ಬರುವ ಸೋಮವಾರ ಅದೇ ಅಂಗಳದಲ್ಲಿ ಮತ್ತೆ ಸಭೆ. ಮಳೆ ಬಂದರೆ ಒಳಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಹೆಗಲು ಕೊಟ್ಟವರ ಕಾಲು ಜಾರಿದರೆ ಏನು ಗತಿ ಎಂದು ನಾನೇ ಎದ್ದು ಕೇಳುತ್ತೇನೆ. ನಗುವವರು ನಗಲಿ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಆ ಅಂಡರ್‌ಪಾಸಿನಲ್ಲಿ ಹಾದುಹೋದ ಮೊದಲ ಶವಯಾತ್ರೆ ನಿನ್ನದೇ. ಅದರ ಬಾಯಿಯ ಹತ್ತಿರ ಭಜನೆ ನಿಂತಿತು. ಹೆಗಲು ಕೊಟ್ಟವರು ಬಗ್ಗಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ನಿನ್ನ ಗೆಳೆಯ ಶರಣಪ್ಪನೇ ಕಣ್ಣೊರೆಸಿಕೊಂಡು ಹೇಳಿದ: "ಬಗ್ಗಬ್ಯಾಡ್ರಿ. ಇವ ಮದಲೇ ಕೇಳಿ ಇಟ್ಟಾನ."

ಯಾರೂ ಬಗ್ಗಲಿಲ್ಲ. ತಲೆ ತಾಗಲಿಲ್ಲ, ಕಾಕಾ.

ನಿನ್ನ
ಮಾದೇವಿ