ಇಲ್ಲದ ಕಾರ್ಡಿಗೆ ಹಾಜರಿ

ಫೆಬ್ರವರಿ 4, ಬೆಳಿಗ್ಗೆ, ಬಸ್ಸಿನಲ್ಲಿ

ಮತ್ತೆ ಕಸ್ಕೆಲೆನ್ ಶಾಲೆಗೆ. ಹತ್ತು ಕಂಪ್ಯೂಟರ್ ಕೊಟ್ಟು ಎರಡು ವಾರ ಆಗಿಲ್ಲ, ಹತ್ತರದ್ದೂ ಒಂದೇ ದೂರು. ಆನ್ ಮಾಡಿದ ಕೂಡಲೇ ಕೆಂಪು ಸಾಲು — ಮಾಡ್ಯೂಲ್ ಲೋಡ್ ಆಗಲಿಲ್ಲ. ಆಮೇಲೆ ನಡೆಯುತ್ತವೆ, ಆದರೆ ತೆವಳುತ್ತಾ. ಗ್ರಾಫಿಕ್ಸ್ ಕಾರ್ಡ್ ಕೂರಿಸಿದವನು ನಾನು. ಬೂಟ್ ಆಗುವಾಗಲೇ ಅದನ್ನು ನಡೆಸುವ ಮಾಡ್ಯೂಲ್, ಅಂದರೆ ಡ್ರೈವರ್, ಏಳಲಿ ಅಂತ ಪಟ್ಟಿಯಲ್ಲಿ ಹೆಸರು ಬರೆದವನೂ ನಾನೇ. ಎಲ್ಲೋ ತಪ್ಪಿರಬೇಕು... ಯಜಮಾನರಾದ ಜುಮಾಬಾಯ್ ಅಗಾ ಮುಂದೆ ಮಾನ ಹೋಯಿತು. ಗಡಿಯಾಚೆಯ ನಮ್ಮೂರು ಶಿಂಬಾಯಿಂದ ಆಲ್ಮಾಟಿಗೆ ಕರೆತಂದು, ತಮ್ಮ ಅಂಗಡಿಯಲ್ಲಿ ಕೆಲಸ ಕಲಿಸಿ, ತಮ್ಮ ಮನೆ ವಿಳಾಸಕ್ಕೇ ನನ್ನನ್ನು ನೋಂದಾಯಿಸಿದವರು.

ಅದೇ ದಿನ, ಸಂಜೆ

ಪಟ್ಟಿಯಲ್ಲಿ ತಪ್ಪಿಲ್ಲ. ಡ್ರೈವರ್ ಫೈಲೂ ಇದೆ. ಆದರೂ ಯಂತ್ರ "ಅಂಥ ಸಾಧನ ಇಲ್ಲ" ಅನ್ನುತ್ತದೆ. ಅಗಾಗೆ ಫೋನ್ ಮಾಡಿದೆ.

"ಡಬ್ಬಿ ಬಿಚ್ಬೇಡ, ಸೀಲ್ ಹರಿದ್ರೆ ವಾರಂಟಿ ಹೋಗುತ್ತೆ. ಡ್ರೈವರ್ ಹೆಸ್ರನ್ನ ಬ್ಲಾಕ್‌ಲಿಸ್ಟ್‌ಗೆ ಹಾಕು. ಕರೆಯೋದೂ ಬೇಡ, ಅದು ಬರಲಿಲ್ಲ ಅಂತ ಕಿರುಚೋದೂ ಬೇಡ."

"ಆಗ ಕಾರ್ಡ್ ಕೆಲ್ಸ ಮಾಡಲ್ವಲ್ಲ, ಅಗಾ?"

"ಯಾಕೋ ಪರಾಖತ್, ಆ ಮಕ್ಕಳೇನು ರಾಕೆಟ್ ಹಾರಿಸ್ತಾವಾ? ಹಾಕು. ಮೇಲೆ ಹೆಸ್ರು, ತಾರೀಖು ಮರೀಬೇಡ."

ಅಂಗಡಿಯ ನಿಯಮ. ಯಾವ ಫೈಲ್ ಮುಟ್ಟಿದರೂ ಮೊದಲ ಸಾಲಿನಲ್ಲಿ ಮುಟ್ಟಿದವನ ಹೆಸರು. ಹತ್ತರಲ್ಲೂ ಬರೆದೆ. ಕೆಂಪು ಸಾಲು ಹೋಯಿತು. ಕಂಪ್ಯೂಟರ್ ಪಾಠದ ಮೇಡಂ ಶೋಲ್ಪಾನ್ ಅಪಾ ಕರಿದ ಹಿಟ್ಟಿನುಂಡೆ, ಬೌರ್ಸಾಕ್, ಕಟ್ಟಿಕೊಟ್ಟರು. "ತಿನ್ನೋ. ಗಾಳಿ ಬಂದ್ರೆ ಹಾರ್ಹೋಗ್ತೀಯ."

ಫೆಬ್ರವರಿ 7, ರಾತ್ರಿ ಎರಡು

ನಿದ್ದೆ ಇಲ್ಲ. ಶಾಲೆಯಲ್ಲಿ ಅಗಾ ಜೋಡಿಸಿದ ಮಾನಿಟರ್ ವೈರು ಮೇಲಿನ, ಯಂತ್ರದ ಸ್ವಂತ ತೂತಿನಲ್ಲಿತ್ತು. ಅಂಗಡಿಯಲ್ಲಿ ಪರೀಕ್ಷಿಸುವಾಗ ನಾನು ಸಿಕ್ಕಿಸಿದ್ದು ಕೆಳಗೆ, ಕಾರ್ಡಿನದಕ್ಕೆ. ಹತ್ತಕ್ಕೆ ಹತ್ತೂ ಹಾಗೇ... ನಾಳೆ ಅಗಾಗೆ ಹೇಳದೆ ಹೋಗಬೇಕು.

ಫೆಬ್ರವರಿ 8, ಶಾಲೆಯ ಮೆಟ್ಟಿಲು

ಬಿಚ್ಚಿದೆ. ಕಾರ್ಡ್ ಇಲ್ಲ. ಒಂದರಲ್ಲೂ ಇಲ್ಲ. ಹೆಸರು ಕೂಗುತ್ತಲೇ ಇತ್ತು ಯಂತ್ರ, ಓಗೊಡಬೇಕಾದ್ದೇ ಅಲ್ಲಿಲ್ಲ. ನಾನು ಅಂಟಿಸಿದ ಸೀಲ್ ನೀಲಿ. ಇವೆಲ್ಲ ಬಿಳಿ. ಬಿಳಿ ಸೀಲಿನ ಸುರುಳಿ ಇರುವುದು ಅಗಾ ಡ್ರಾಯರಿನಲ್ಲಿ.

"ಏನ್ ಹುಡುಕ್ತಿದ್ದೀಯೋ?" ಅಂದರು ಅಪಾ.

"ಏನಿಲ್ಲ, ಧೂಳು" ಅಂದೆ.

ಫೆಬ್ರವರಿ 12, ಊಟದ ಹೊತ್ತು

ಕಾರ್ಡುಗಳು ಎಲ್ಲಿ ಅಂತ ಇವತ್ತು ಕೇಳಿದೆ. ಅಗಾ ತಿರುಗಿಯೂ ನೋಡಲಿಲ್ಲ.

"ಅಂಗಡಿ ಬೀಗದ ಕೈ ನಿನ್ ಹತ್ರಾನೂ ಇತ್ತಲ್ಲ."

"ಕೂರ್ಸಿದ್ದನ್ನ ನೀವೇ ನೋಡಿದ್ರಿ, ಅಗಾ."

"ನಾನೇನೂ ನೋಡಿಲ್ಲ. ಶಾಲೆಗೆ ಒಪ್ಪಿಸಿದ ಕಾಗದದಲ್ಲಿ ಸಹಿ ಯಾರ್ದು? ಡ್ರೈವರ್ ಬಾಯಿ ಮುಚ್ಚಿಸಿದ್ದು ಯಾರು? ಹತ್ತರಲ್ಲೂ ಹೆಸ್ರಿದೆ, ಓದ್ಲಿ ಬಿಡು ಯಾರಾದ್ರೂ." ಆಮೇಲೆ, ಎಂದಿನ ದನಿಯಲ್ಲಿ, "ಚಹಾ ಆರುತ್ತೆ, ಕುಡಿ. ಬಾಯಿ ಮುಚ್ಕೊಂಡಿದ್ರೆ ನೀನೂ ಇಲ್ಲಿರ್ತೀಯ."

ಸಹಿ ನನ್ನದೇ. ಹಿರಿಯರು ಬೆರಳಿಟ್ಟ ಜಾಗದಲ್ಲಿ ಓದಿ ಸಹಿ ಹಾಕುವುದು ನಮ್ಮಲ್ಲಿ ಅವರ ಮುಖಕ್ಕೆ ಹೊಡೆದ ಹಾಗೆ. ಓದಲಿಲ್ಲ. ಬ್ಲಾಕ್‌ಲಿಸ್ಟ್ ಅಂದಾಗಲೂ ಯೋಚಿಸಲಿಲ್ಲ. ರಿಪೇರಿ ಅಂದುಕೊಂಡು ಕಳ್ಳತನವನ್ನು ನನ್ನ ಕೈಯಿಂದಲೇ ಮುಚ್ಚಿದೆ, ಹೆಸರು ಬರೆದು.

ಫೆಬ್ರವರಿ 13, ಸಂಜೆ, ಬಸ್ಸಿನಲ್ಲಿ

ಅಪಾಗೆ ಎಲ್ಲ ಹೇಳಿದೆ. ಬ್ಲಾಕ್‌ಲಿಸ್ಟ್ ಸಾಲು ಹತ್ತರಿಂದಲೂ ತೆಗೆದು ಆನ್ ಮಾಡಿ ತೋರಿಸಿದೆ. ಹತ್ತು ಪರದೆ, ಹತ್ತು ಕೆಂಪು ಸಾಲು. ಅಪಾ ಒಂದೊಂದರ ಮುಂದೆಯೂ ನಿಂತು ಫೋಟೋ ತೆಗೆದುಕೊಂಡರು.

"ನಿನ್ನನ್ನ ನಂಬ್ಲೇನೋ?"

"ಗೊತ್ತಿಲ್ಲ ಅಪಾ."

"ದೂರಿನಲ್ಲಿ ನಿಮ್ಮಿಬ್ಬರ ಹೆಸ್ರೂ ಬರೀತೀನಿ. ನಿನ್ದೊಂದು ಬಿಡಕ್ಕಾಗಲ್ಲ."

ಬರೀರಿ ಅಂದೆ. ಅವರನ್ನು ಹೇಗೆ ಬೈಯಲಿ.

ಫೆಬ್ರವರಿ 14, ರಾತ್ರಿ ಒಂದು

ಅಮ್ಮನ ಧ್ವನಿ ಸಂದೇಶ. ಅಗಾ ನನಗಿಂತ ಮೊದಲೇ ಶಿಂಬಾಯಿಗೆ ಫೋನ್ ಮಾಡಿದ್ದಾರೆ. ಅಳುತ್ತಾ ಹೇಳುತ್ತಾಳೆ — "ಮಗಾ, ತಗೊಂಡಿದ್ದನ್ನ ವಾಪಸ್ ಇಟ್ಬಿಡು. ಅಗಾ ದೊಡ್ಡ ಮನಸ್ಸಿನವ್ರು, ಪೊಲೀಸ್ರ ಹತ್ರ ಹೋಗಲ್ಲಂತೆ. ನಿನ್ ಪರವಾಗಿ ನಾನೇ ಅವ್ರ ಹತ್ರ ಕ್ಷಮೆ ಕೇಳಿದೀನಿ."

ಕೇಳಿಬಿಟ್ಟಿದ್ದಾಳೆ. ನನ್ನನ್ನು ಒಂದು ಮಾತು ಕೇಳದೆ.

ಉತ್ತರ ಎಂಟು ಸಲ ರೆಕಾರ್ಡ್ ಮಾಡಿದೆ, ಎಂಟು ಸಲ ಅಳಿಸಿದೆ. ಮೊದಲು ಇಲ್ಲೇ ಹೇಳಿ ನೋಡುತ್ತೇನೆ.

ಅಮ್ಮಾ, ನಾನ್ ತೆಗೆದಿಲ್ಲ. ತೆಗೆದಿದ್ದು ಯಾರು ಅಂತ ಹೇಳಿದ್ರೆ ನೀನು—